ಚೈನ್ ನೀವೇ ನೋಡಿಕೊಳ್ಳಿ, ಆಯಿಲ್ ಸದ್ಯಕ್ಕೆ ಬೇಡ
ಎನ್.ಆರ್. ಕಾಲೋನಿಯ ಓದುಗರೇ, ಹೊಸ ಬೈಕನ್ನು ನೀವೇ ನೋಡಿಕೊಳ್ಳುವ ಆಸೆ ಬಿಡಬೇಡಿ. ತೊಳೆಯುವುದು, ಟೈರಿನ ಗಾಳಿ, ಚೈನ್ ಆರೈಕೆ, ಇವುಗಳಿಂದ ವಾರಂಟಿಗೆ ಧಕ್ಕೆಯಿಲ್ಲ. ಚೈನಿಗೆ ಪೆಟ್ರೋಲ್ ಮಾತ್ರ ಸುರಿಯಬೇಡಿ, ಓ-ರಿಂಗ್ ಹಾಳಾಗುತ್ತದೆ. ಎಂಜಿನ್ ಆಫ್ ಮಾಡಿ, ಹಿಂದಿನ ಚಕ್ರ ಕೈಯಲ್ಲೇ ತಿರುಗಿಸುತ್ತಾ ಮೆದು ಬ್ರಷ್ಷಿನಿಂದ ಉಜ್ಜಿ. ಒಣಗಿದ ಮೇಲೆ ಒಳಬದಿಗೆ ಲ್ಯೂಬ್ ಹಚ್ಚಿ.

ಆಯಿಲ್, ವಾಲ್ವ್ ವಿಷಯ ಬೇರೆ. ನಿಗದಿತ ಸರ್ವಿಸ್ ಅಧಿಕೃತ ಕೇಂದ್ರದಲ್ಲೇ ಆಗಬೇಕು, ಕಿಲೋಮೀಟರ್ ಅಥವಾ ದಿನ ಯಾವುದು ಮೊದಲೋ ಅದರೊಳಗೆ ಎಂಬುದು ನಮ್ಮಲ್ಲಿ ಸಾಮಾನ್ಯ ಷರತ್ತು. ಫ್ರೀ ಸರ್ವಿಸ್ ಮುಗಿದ ಮೇಲೂ ಇದನ್ನು ತಪ್ಪಿಸಬೇಡಿ. ಜೆ.ಸಿ. ರಸ್ತೆಯಿಂದ ಎಕ್ಸ್‌ಟ್ರಾ ಲೈಟ್ ತಂದು ವೈರ್ ಕತ್ತರಿಸಿದರೆ ಎಲೆಕ್ಟ್ರಿಕಲ್ ಕ್ಲೇಮ್ ಕೈತಪ್ಪಬಹುದು. ಜಾಬ್ ಕಾರ್ಡ್, ಬಿಲ್ ಜೋಪಾನ ಮಾಡಿ. ಸಂಬಂಧವಿಲ್ಲದ ನೆಪ ಹೇಳಿ ಕ್ಲೇಮ್ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.