ಡೇಟಾಬೇಸ್ ಸಂಪರ್ಕ ಮತ್ತು ಫೈರ್‌ವಾಲ್: ಸದಸ್ಯರು ಅರಿತಿರಬೇಕಾದ ಅಂಶಗಳು

ತೆರಿಗೆ ಬೇಡಿಕೆ, ವಸೂಲಿ, ನೀರಿನ ಶುಲ್ಕ ಮುಂತಾದ ಲೆಕ್ಕಗಳನ್ನು ಗಣಕಯಂತ್ರದಲ್ಲಿ ಕ್ರಮವಾಗಿ ಜೋಡಿಸಿಟ್ಟ ಭಂಡಾರವೇ ಡೇಟಾಬೇಸ್. ಅದನ್ನು ಹೊಂದಿರುವ ಯಂತ್ರವು ಸರ್ವರ್. ಅದರಿಂದ ಮಾಹಿತಿ ಕೋರುವ ಯಂತ್ರವು ಕ್ಲೈಂಟ್. ಯಾವ ಸಂಪರ್ಕಕ್ಕೆ ಅನುಮತಿ, ಯಾವುದಕ್ಕೆ ತಡೆ ಎಂಬುದನ್ನು ನಿಯಮಾನುಸಾರ ನಿರ್ಧರಿಸುವ ವ್ಯವಸ್ಥೆಯು ಫೈರ್‌ವಾಲ್.

ಸರ್ವರ್‌ನ ಪ್ರತಿಯೊಂದು ಸೇವೆಗೂ ಪೋರ್ಟ್ ಎಂಬ ಸಂಖ್ಯೆಯಿರುತ್ತದೆ. ಸಾಮಾನ್ಯವಾಗಿ ಮೈಎಸ್‌ಕ್ಯೂಎಲ್‌ಗೆ 3306, ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ 5432, ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ಗೆ 1433. ಈ ಪೋರ್ಟ್‌ಗೆ ಅನುಮತಿಯಿಲ್ಲದಿದ್ದರೆ ಹೊಸದಾಗಿ ಅಳವಡಿಸಿದ ಕ್ಲೈಂಟ್‌ಗೆ ಸಂಪರ್ಕ ದೊರೆಯುವುದಿಲ್ಲ. ಆಗ ಫೈರ್‌ವಾಲನ್ನೇ ಸ್ಥಗಿತಗೊಳಿಸುವುದು ಸುಲಭೋಪಾಯವೆಂದು ತೋರಬಹುದು. ಆದರೆ ಅದು ಒಬ್ಬರಿಗಾಗಿ ಮನೆಯ ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟಂತೆ.

ಇದರ ಅಪಾಯಕ್ಕೆ 2003ರ ಜನವರಿ 25ರ ಘಟನೆಯೇ ನಿದರ್ಶನ. ‘ಸ್ಲ್ಯಾಮರ್’ ಎಂಬ ಹಾನಿಕಾರಕ ತಂತ್ರಾಂಶವು ಎಸ್‌ಕ್ಯೂಎಲ್ ಸರ್ವರ್‌ನ 1434ನೇ ಯುಡಿಪಿ ಪೋರ್ಟ್‌ನ ಮೂಲಕ ನುಗ್ಗಿ, ದೋಷವಿದ್ದ ಯಂತ್ರಗಳಲ್ಲಿ ಬಹುಪಾಲನ್ನು ಸುಮಾರು 10 ನಿಮಿಷಗಳಲ್ಲಿ ಆವರಿಸಿತು. ಆ ದೋಷದ ಪರಿಹಾರವು 2002ರ ಜುಲೈನಲ್ಲಿಯೇ ಬಿಡುಗಡೆಯಾಗಿತ್ತು. ಪರಿಹಾರ ಅಳವಡಿಸದಿದ್ದರೂ ಆ ಪೋರ್ಟನ್ನು ಹೊರಜಾಲಕ್ಕೆ ಮುಚ್ಚಿದ್ದಲ್ಲಿ ಅಲ್ಲಿಂದ ನೇರ ದಾಳಿ ಸಾಧ್ಯವಾಗುತ್ತಿರಲಿಲ್ಲ.

ಸರಿಯಾದ ಕ್ರಮ ಹೀಗಿದೆ:

1. ಸರ್ವರ್‌ನ ಒಳಬರುವ ಸಂಪರ್ಕಗಳ ನಿಯಮದಲ್ಲಿ ಅಗತ್ಯವಾದ ಒಂದು ಪೋರ್ಟ್‌ಗೆ ಮಾತ್ರ ಅನುಮತಿ ನೀಡತಕ್ಕದ್ದು.

2. ಆ ಅನುಮತಿಯನ್ನು ಕಚೇರಿಯ ನಿರ್ದಿಷ್ಟ ಯಂತ್ರಗಳ ಐಪಿ ವಿಳಾಸಗಳಿಗೆ ಸೀಮಿತಗೊಳಿಸತಕ್ಕದ್ದು. ಇದಕ್ಕಾಗಿ ಆ ವಿಳಾಸಗಳು ಬದಲಾಗದಂತೆ ಸ್ಥಿರವಾಗಿರಬೇಕು.

3. ರೂಟರ್‌ನ ಮೂಲಕ ಡೇಟಾಬೇಸ್ ಪೋರ್ಟನ್ನು ಇಂಟರ್‌ನೆಟ್‌ಗೆ ತೆರೆಯಬಾರದು. ಹೊರಗಿನಿಂದ ಕೆಲಸ ಅನಿವಾರ್ಯವಾದರೆ ವಿಪಿಎನ್ ಬಳಸುವುದು.

4. ಅನುಮತಿಯಿರುವ ಯಂತ್ರದಿಂದ ಸಂಪರ್ಕ ಸಾಧ್ಯವಾಗಬೇಕು, ಇತರ ಯಂತ್ರದಿಂದ ಆಗಬಾರದು, ಎರಡನ್ನೂ ಪರೀಕ್ಷಿಸುವುದು.

ಇ-ಸ್ವತ್ತು, ಪಂಚತಂತ್ರದಂತಹ ವ್ಯವಸ್ಥೆಗಳನ್ನು ಬ್ರೌಸರ್ ಮೂಲಕ ಬಳಸುವುದರಿಂದ, ಅವುಗಳಿಗಾಗಿ ಕಚೇರಿಯಲ್ಲಿ ಡೇಟಾಬೇಸ್ ಪೋರ್ಟ್ ತೆರೆಯುವ ಅಗತ್ಯವಿಲ್ಲ. ಕಚೇರಿಯಲ್ಲೇ ಪ್ರತ್ಯೇಕ ತಂತ್ರಾಂಶ ಅಳವಡಿಸಿಕೊಂಡಿರುವಲ್ಲಿ ಮಾತ್ರ ಮೇಲಿನ ಕ್ರಮ ಅನ್ವಯಿಸುತ್ತದೆ.

ಇಂತಹ ತಂತ್ರಾಂಶದ ಖರೀದಿ ಅಥವಾ ದುರಸ್ತಿಯ ಬಿಲ್ಲು ಸಭೆಯ ಮುಂದೆ ಬಂದಾಗ ಸದಸ್ಯರು ಮೂರು ಪ್ರಶ್ನೆಗಳನ್ನು ಕೇಳಬಹುದು: ಯಾವ ಪೋರ್ಟ್ ತೆರೆಯಲಾಗಿದೆ? ಯಾವ ಯಂತ್ರಗಳಿಗೆ? ದುರಸ್ತಿಗಾಗಿ ತಾತ್ಕಾಲಿಕವಾಗಿ ತೆರೆದುದನ್ನು ಮರಳಿ ಮುಚ್ಚಲಾಗಿದೆಯೇ? ಉತ್ತರಗಳು ದಾಖಲಾಗಿರಲಿ. ಫೈರ್‌ವಾಲ್ ಇದ್ದ ಮಾತ್ರಕ್ಕೆ ಬಲವಾದ ಪಾಸ್‌ವರ್ಡ್, ಕಾಲಕಾಲಕ್ಕೆ ಪ್ರತಿ ತೆಗೆದಿಡುವಿಕೆ ಅನಗತ್ಯವಾಗುವುದಿಲ್ಲ. ತೆರಿಗೆ ಕಟ್ಟಿದ ಗ್ರಾಮಸ್ಥನ ಲೆಕ್ಕವು ಅಳಿಸಿಹೋದರೆ ಅದಕ್ಕೆ ಉತ್ತರಿಸಬೇಕಾದುದು ಪಂಚಾಯಿತಿಯೇ.