ವೇಗದ ವಿಂಗರನೆದುರು ನಿಧಾನಗತಿಯ ಬ್ಯಾಕ್

ಕಾಲ್ಚೆಂಡಾಟವನ್ನು ನೋಡುವವರ ಕಣ್ಣು ಸಾಮಾನ್ಯವಾಗಿ ಚೆಂಡಿನ ಬೆನ್ನು ಹತ್ತಿಯೇ ಓಡುತ್ತದೆ. ಗೋಲು ಹೊಡೆದವನ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಗೋಲಾಗದಂತೆ ತಡೆದವನ ಹೆಸರನ್ನು ಕೇಳುವವರು ವಿರಳ. ವರ್ತಕ ನಗರ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಶಾಲಾ ಮೈದಾನಗಳಲ್ಲಿ ತಂಡ ಕಟ್ಟುವಾಗಲೂ ಇದೇ ಮನೋಭಾವ ಕಂಡುಬರುತ್ತದೆ. ಓಟದಲ್ಲಿ ಚುರುಕಾದ ಹುಡುಗರನ್ನು ಮುಂದೆ ನಿಲ್ಲಿಸಿ, ನಿಧಾನದವರನ್ನು ಹಿಂದಕ್ಕೆ ಕಳುಹಿಸುವುದು ವಾಡಿಕೆ. ಹೀಗೆ ಹಿಂದೆ ನಿಂತ ಹುಡುಗನ ಎದುರಿಗೆ ಬರುವವನಾದರೋ ಎದುರಾಳಿ ತಂಡದಲ್ಲೇ ಅತ್ಯಂತ ವೇಗಶಾಲಿಯಾದ ವಿಂಗರ್! ಎರಡು ಬಾರಿ ಅವನು ಪಕ್ಕದಿಂದ ನುಸುಳಿ ಹೋದನೆಂದರೆ ಅಂಚಿನಲ್ಲಿ ನಿಂತ ಹಿರಿಯರಿಂದ ಗದರಿಕೆ ಪ್ರಾರಂಭವಾಗುತ್ತದೆ. ಮೂರನೆಯ ಬಾರಿ ಹುಡುಗನು ಅವಮಾನ ತಾಳಲಾರದೆ ಚೆಂಡಿನ ಮೇಲೆ ಹಾರಿಬೀಳುತ್ತಾನೆ. ಅದರ ಫಲ ಒಂದೋ ಪೆನಲ್ಟಿ, ಇಲ್ಲವೇ ತಿರುಚಿದ ಮೊಣಕಾಲು. ಮೊದಲನೆಯದು ಆ ದಿನದ ಆಟವನ್ನಷ್ಟೇ ಕೆಡಿಸುತ್ತದೆ; ಎರಡನೆಯದು ಹಲವು ವರ್ಷಗಳ ಆಟವನ್ನೇ ಕಸಿದುಕೊಳ್ಳಬಲ್ಲದು.

ವೇಗವನ್ನು ವೇಗದಿಂದಲೇ ಗೆಲ್ಲಬೇಕೆಂಬ ಭಾವನೆ ಈ ಅನರ್ಥಕ್ಕೆಲ್ಲ ಮೂಲ. ಸ್ವಲ್ಪ ಲೆಕ್ಕ ಹಾಕಿ ನೋಡಿದರೆ ಇದು ಎಷ್ಟು ಅನಾವಶ್ಯಕವೆಂಬುದು ತಿಳಿಯುತ್ತದೆ. ವಿಂಗರನು ಸೆಕೆಂಡಿಗೆ 8 ಮೀಟರ್, ಬ್ಯಾಕ್ ಆಟಗಾರನು 7.5 ಮೀಟರ್ ಓಡಬಲ್ಲರೆಂದು ಭಾವಿಸಬಹುದು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಓಟ ಪ್ರಾರಂಭಿಸಿದರೆ 4 ಸೆಕೆಂಡುಗಳಲ್ಲಿ ವಿಂಗರನು 2 ಮೀಟರ್ ಮುಂದಿರುತ್ತಾನೆ. ಚೆಂಡನ್ನು ಗೋಲಿನ ಮುಂದಕ್ಕೆ ಕಳುಹಿಸಲು ಅಷ್ಟು ಅಂತರ ಧಾರಾಳವಾಗಿ ಸಾಕು. ಆದರೆ ಬ್ಯಾಕ್ ಆಟಗಾರನು ಮೊದಲೇ ಗೋಲಿನ ಕಡೆಗೆ 2 ಮೀಟರ್ ಹಿಂದೆ ನಿಂತಿದ್ದರೆ ಅದೇ 4 ಸೆಕೆಂಡುಗಳ ನಂತರ ಇಬ್ಬರೂ ಸಮಸಮವಾಗಿರುತ್ತಾರೆ; ಅಷ್ಟರಲ್ಲಿ ವಿಂಗರನು 32 ಮೀಟರ್ ಓಡಿರಬೇಕು. ಚೆಂಡನ್ನು ಕಾಲಲ್ಲಿ ಹೊತ್ತು ಓಡುವವನು ಬರಿಗಾಲ ಓಟದಷ್ಟು ವೇಗವಾಗಿ ಓಡಲಾರನೆಂಬುದನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. ಇದೇ 4 ಸೆಕೆಂಡುಗಳಲ್ಲಿ ಸಾಧಾರಣ ಓಟದ ಸಹ ಆಟಗಾರನೊಬ್ಬನು 25 ಮೀಟರಿಗೂ ಹೆಚ್ಚು ದೂರ ಹಿಂದಿರುಗಿ ನೆರವಿಗೆ ಬರಬಲ್ಲನು. ಹೀಗೆ, ನಿಧಾನದ ಬ್ಯಾಕ್ ಸಂಪಾದಿಸಬೇಕಾದುದು ಚೆಂಡನ್ನಲ್ಲ, ಸಮಯವನ್ನು.

ಆದರೆ ಈ ಎರಡು ಮೀಟರಿನ ಬಂಡವಾಳವನ್ನು ಕ್ಷಣಮಾತ್ರದಲ್ಲಿ ಕಳೆದುಕೊಳ್ಳಲೂ ಸಾಧ್ಯ. ಎರಡೂ ಪಾದಗಳನ್ನು ಸಮನಾಗಿ ಊರಿ, ಎದೆಯನ್ನು ನೇರವಾಗಿ ವಿಂಗರನ ಕಡೆಗೆ ತಿರುಗಿಸಿ ನಿಂತವನು ಅವನು ಪಕ್ಕದಿಂದ ಹಾದುಹೋದಾಗ ಇಡೀ ದೇಹವನ್ನು ತಿರುಗಿಸಿ ಓಡಬೇಕಾಗುತ್ತದೆ. ಆದಕಾರಣ ದೇಹವು ಓರೆಯಾಗಿರಬೇಕು. ಒಂದು ಕಾಲು ಮುಂದೆ, ಇನ್ನೊಂದು ಹಿಂದೆ, ಮೊಣಕಾಲುಗಳು ತುಸು ಬಾಗಿ, ಭಾರವೆಲ್ಲ ಮುಂಗಾಲಿನ ಮೇಲೆ. ಹೆಜ್ಜೆಗಳು ಚಿಕ್ಕವಾಗಿರಲಿ; ಪಾದಗಳು ಒಂದನ್ನೊಂದು ದಾಟದಿರಲಿ. ವಿಂಗರನು ಮುಂದುವರಿದಂತೆಲ್ಲ ಅಷ್ಟೇ ಗತಿಯಲ್ಲಿ ಹಿಂದೆ ಸರಿಯುತ್ತಿರಬೇಕು. ಕಣ್ಣು ನೆಡಬೇಕಾದುದು ಚೆಂಡಿನ ಮೇಲೆ. ವಿಂಗರನ ಭುಜ ಕುಣಿಯುತ್ತದೆ, ಕಾಲು ಚೆಂಡಿನ ಮೇಲೆ ಸುತ್ತುತ್ತದೆ, ಕಣ್ಣು ಬೇರೆಡೆಗೆ ನೋಡುತ್ತದೆ, ಇವೆಲ್ಲ ಮೋಸ. ಚೆಂಡು ಮಾತ್ರ ಸುಳ್ಳು ಹೇಳುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ವಿಂಗರನು ಬಲ್ಲನು. ಬ್ಯಾಕ್ ಮೊದಲು ಕಾಲು ಚಾಚಲೆಂದೇ ಅವನು ಕಾಯುತ್ತಿರುತ್ತಾನೆ. ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ರೈಲು ನಿಲ್ಲುವ ಮೊದಲೇ ಹಾರುವವನ ಪಾಡು ಏನಾಗುವುದೆಂಬುದನ್ನು ಇಲ್ಲಿಯ ಓದುಗರಿಗೆ ವಿವರಿಸಬೇಕಾದುದಿಲ್ಲ.

ಹಾಗಾದರೆ ಚೆಂಡನ್ನು ಕಸಿಯುವುದು ಯಾವಾಗ? ಚೆಂಡು ವಿಂಗರನ ಕಾಲಿನಿಂದ ಒಂದು ಹೆಜ್ಜೆಗಿಂತ ಹೆಚ್ಚು ದೂರ ಉರುಳಿದಾಗ. ಅವನು ತಲೆ ತಗ್ಗಿಸಿ ತಡವರಿಸಿದಾಗ. ಅಥವಾ ಹಿಂದಿನಿಂದ ಸಹ ಆಟಗಾರನ ಕೂಗು ಕೇಳಿಬಂದಾಗ. ಚೆಂಡು ವಿಂಗರನಿಗೆ ತಲುಪುವ ಮುನ್ನವೇ ಅದನ್ನು ಹಿಡಿಯಲು ಸಾಧ್ಯವಾದರೆ ಅದಕ್ಕಿಂತ ಉತ್ತಮವಾದುದಿಲ್ಲ. ಗೋಲಿಗೆ ಬೆನ್ನು ಮಾಡಿ ಚೆಂಡನ್ನು ಸ್ವೀಕರಿಸುವ ವಿಂಗರನ ಸಮೀಪಕ್ಕೆ ಹೋಗಿ ಅವನು ತಿರುಗದಂತೆ ತಡೆಯುವುದೂ ಯುಕ್ತ. ಒಮ್ಮೆ ತಿರುಗಿದನೆಂದರೆ ಮಾತ್ರ ಅಂತರ ಕಾಯ್ದುಕೊಳ್ಳಲೇಬೇಕು.

ಮೈದಾನದ ಅಂಚಿನ ಗೆರೆ ಬ್ಯಾಕ್ ಆಟಗಾರನಿಗೆ ಸಂಬಳವಿಲ್ಲದ ಸಹಾಯಕ. ತುಸು ಒಳಭಾಗದಲ್ಲಿ ನಿಂತು, ಒಳಗಿನ ಕಾಲನ್ನು ಮುಂದಿಟ್ಟರೆ ವಿಂಗರನಿಗೆ ಉಳಿಯುವುದು ಹೊರಗಿನ ದಾರಿ ಮಾತ್ರ. ಆ ದಾರಿಯಲ್ಲಿ ಓಡಿದಷ್ಟೂ ಅವನಿಗೆ ಜಾಗ ಕಿರಿದಾಗುತ್ತದೆ, ಗೋಲು ಕಾಣುವ ಕೋನವೂ ಕುಗ್ಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಬಲಗಾಲಿನವನನ್ನು ಎಡ ಅಂಚಿನಲ್ಲೂ ಎಡಗಾಲಿನವನನ್ನು ಬಲ ಅಂಚಿನಲ್ಲೂ ಆಡಿಸುವ ಪದ್ಧತಿ ಬಲವಾಗಿ ರೂಢಿಗೆ ಬಂದಿದೆ. ಒಳಗೆ ತಿರುಗಿ ಗೋಲಿಗೆ ಹೊಡೆಯುವುದು ಇವರ ಉದ್ದೇಶ. ಇವರನ್ನಂತೂ ಹೊರಗೆ, ದುರ್ಬಲ ಕಾಲಿನ ಕಡೆಗೇ ಓಡಿಸಬೇಕು. ಆದರೆ ಇದನ್ನು ವೇದವಾಕ್ಯವೆಂದು ತಿಳಿಯಲಾಗದು. ಒಳಗಡೆ ಇಬ್ಬರು ಸಹ ಆಟಗಾರರು ಸಿದ್ಧರಾಗಿ ನಿಂತಿದ್ದು, ಹೊರಗಡೆ ವಿಂಗರನ ವೇಗಕ್ಕೆ ತಡೆಯೇ ಇಲ್ಲದಿದ್ದರೆ ಅವನನ್ನು ಒಳಗೆ ಕರೆತಂದು ಗುಂಪಿನಲ್ಲಿ ಸಿಲುಕಿಸುವುದೇ ಜಾಣತನ.

ಬ್ಯಾಕ್ ಒಬ್ಬನೇ ಇಷ್ಟನ್ನೆಲ್ಲ ಮಾಡಲಾರನು. 1958ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಬ್ರೆಜಿಲ್ ತಂಡದ ವಾವಾ ಸ್ವೀಡನ್ ವಿರುದ್ಧ ಮೊದಲಾರ್ಧದಲ್ಲಿ ಹೊಡೆದ ಎರಡು ಗೋಲುಗಳೂ ಬಲ ಅಂಚಿನಿಂದ ಗರಿಂಚಾ ಕಳುಹಿಸಿದ ಚೆಂಡಿನಿಂದಲೇ ಬಂದವು. ಎರಡೂ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ಗರಿಂಚಾನಂತಹವನನ್ನು ಒಬ್ಬಂಟಿಯಾಗಿ ತಡೆಯುವ ಹೊಣೆಯನ್ನು ಯಾವ ಬ್ಯಾಕ್ ಮೇಲೂ ಹೊರಿಸುವುದು ನ್ಯಾಯವಲ್ಲ. ಅವನ ಹಿಂದೆ, ಓರೆಯಾಗಿ ನಾಲ್ಕೈದು ಮೀಟರ್ ದೂರದಲ್ಲಿ ಎರಡನೆಯವನಿರಬೇಕು. ಮೊದಲನೆಯವನು ಸೋತರೆ ಚೆಂಡು ಸಿಗುವುದು ಇವನಿಗೆ. ಮೂರನೆಯವನು ಗೋಲಿನ ಮುಂದಿನ ಜಾಗವನ್ನು ಕಾಯಬೇಕು. ಮುಂದಿನ ಸಾಲಿನ ಹಾಫ್ ಆಟಗಾರನು ಹಿಂದಿರುಗಿ ಬಂದು ವಿಂಗರನನ್ನು ಇನ್ನೊಂದು ಕಡೆಯಿಂದ ಒತ್ತಬೇಕು. ಹಿಂದಿರುವವನಿಗೆ ಇಡೀ ಮೈದಾನ ಕಾಣುತ್ತದೆ. ಆದ್ದರಿಂದ ಮಾತನಾಡಬೇಕಾದವನೂ ಅವನೇ. “ಹೊರಗೆ ತಳ್ಳು”, “ತಡಿ”, “ಈಗ ಹೋಗು” ಎಂಬ ಮೂರು ಮಾತುಗಳು ಸಾಕು. ಕಬಡ್ಡಿ ಆಡಿ ಬೆಳೆದ ಕನ್ನಡಿಗರಿಗೆ ಇದು ಹೊಸ ವಿದ್ಯೆಯೇನಲ್ಲ. ದಾಳಿಗೆ ಬಂದವನು ಎಷ್ಟೇ ಚುರುಕಾಗಿದ್ದರೂ ಮೂಲೆಯವನು ಮೊದಲೇ ಹಾರುವುದಿಲ್ಲ. ಕೈಕೈ ಹಿಡಿದ ಸರಪಳಿ ಸುತ್ತುವರಿಯುವವರೆಗೆ ಕಾಯುತ್ತಾನೆ.

ಮುಂಬಯಿಯ ಮೈದಾನಗಳಿಗೂ ಬೆಂಗಳೂರಿನ ಕಾಲ್ಚೆಂಡಾಟಕ್ಕೂ ಹಳೆಯ ನಂಟಿದೆ. 1891ರಲ್ಲಿ ಪ್ರಾರಂಭವಾದ ರೋವರ್ಸ್ ಕಪ್ ದೀರ್ಘಕಾಲ ಸೈನಿಕ ತಂಡಗಳ ಸ್ವತ್ತಾಗಿತ್ತು. ಅದನ್ನು 1937ರಲ್ಲಿ ಗೆದ್ದು, ಮರುವರ್ಷ ಮತ್ತೆ ಉಳಿಸಿಕೊಂಡುದು ಬೆಂಗಳೂರು ಮುಸ್ಲಿಮ್ಸ್ ತಂಡ. 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ಭಾರತ ತಂಡದ ಬ್ಯಾಕ್ ಆಟಗಾರರಲ್ಲೊಬ್ಬರಾದ ಓ. ಚಂದ್ರಶೇಖರನ್ ಕೇರಳದವರಾದರೂ ಮುಂಬಯಿಯ ಕಾಲ್ಟೆಕ್ಸ್ ತಂಡದಲ್ಲಿ ಆಡಿದವರು. ಇನ್ನು 2019ರ ಮಾರ್ಚ್ 17ರಂದು ಅಂಧೇರಿಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಅಂತಿಮ ಪಂದ್ಯವಂತೂ ಈ ಪಾಠಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಆ ಋತುವಿನಲ್ಲಿ ಗೋಲುಗಳ ಮಳೆಗರೆದಿದ್ದ ಗೋವಾ ತಂಡವನ್ನು ಬೆಂಗಳೂರು ತಂಡವು 120 ನಿಮಿಷಗಳ ಕಾಲ ಒಂದೂ ಗೋಲು ಬಿಟ್ಟುಕೊಡದೆ ತಡೆಯಿತು. ಹೆಚ್ಚುವರಿ ಅವಧಿಯಲ್ಲಿ, 117ನೆಯ ನಿಮಿಷಕ್ಕೆ, ಕಾರ್ನರ್ ಕಿಕ್ಕಿಗೆ ತಲೆಗೊಟ್ಟು ಪಂದ್ಯದ ಏಕೈಕ ಗೋಲನ್ನು ಗಳಿಸಿದವನೂ ಬ್ಯಾಕ್ ಆಟಗಾರನೇ: ಮುಂಬಯಿಯಲ್ಲಿ ಹುಟ್ಟಿದ ರಾಹುಲ್ ಭೇಕೆ.

ಅಭ್ಯಾಸಕ್ಕೆ ದೊಡ್ಡ ಮೈದಾನವೇ ಬೇಕೆಂದಿಲ್ಲ. ವಸತಿ ಸಂಕೀರ್ಣದ ಅಂಗಳದಲ್ಲಿ 10 ಮೀಟರ್ ಅಗಲ, 20 ಮೀಟರ್ ಉದ್ದದ ಪಟ್ಟಿಯೊಂದನ್ನು ಗುರುತಿಸಿ ಒಬ್ಬನಿಗೊಬ್ಬನಂತೆ ಆಡಬಹುದು. ನಿಯಮ ಇಷ್ಟೇ: ಬ್ಯಾಕ್ ಚೆಂಡನ್ನು ಕಸಿಯುವಂತಿಲ್ಲ, ಐದು ಸೆಕೆಂಡು ತಡೆದರೆ ಅವನಿಗೇ ಗೆಲುವು. ಕೆಲವು ದಿನಗಳ ನಂತರ ಇಬ್ಬರಿಗಿಬ್ಬರಂತೆ ಆಡಿಸಿ, ಹಿಂದಿನವನು ಬಾಯಿ ತೆರೆಯುತ್ತಾನೆಯೇ ಎಂಬುದನ್ನು ಗಮನಿಸಬೇಕು. ನಾಚಿಕೆ ಸ್ವಭಾವದ ಹುಡುಗರಿಗೆ ಓಟಕ್ಕಿಂತ ಈ ಕೂಗುವ ಅಭ್ಯಾಸವೇ ಕಷ್ಟ.

ಆರೋಗ್ಯದ ದೃಷ್ಟಿಯಿಂದಲೂ ತಾಳ್ಮೆಯ ಆಟವೇ ಕ್ಷೇಮಕರ. ಮೊಣಕಾಲಿನ ಒಳಗಿನ ಮುಂಭಾಗದ ಅಸ್ಥಿರಜ್ಜು ಹರಿಯುವುದು ಬಹುಪಾಲು ಪ್ರಸಂಗಗಳಲ್ಲಿ ಎದುರಾಳಿಯ ಒದೆತದಿಂದಲ್ಲ. ವೇಗವಾಗಿ ಓಡುತ್ತಿದ್ದವನು ಥಟ್ಟನೆ ನಿಂತಾಗ, ಊರಿದ ಪಾದದ ಮೇಲೆ ದೇಹ ತಿರುಗಿ ಮೊಣಕಾಲು ಒಳಕ್ಕೆ ಬಾಗಿದಾಗ ಈ ಅಪಾಯ ಸಂಭವಿಸುತ್ತದೆ. ಹುಡುಗಿಯರಲ್ಲಿ ಇದರ ಸಂಭವ ಹುಡುಗರಿಗಿಂತ ಹೆಚ್ಚು. ಆಟವಾಡುವ ಹೆಣ್ಣುಮಕ್ಕಳ ಸಂಖ್ಯೆ ಏರುತ್ತಿರುವ ಈ ದಿನಗಳಲ್ಲಿ ತಾಯಿತಂದೆಯರು ಇದನ್ನು ಮರೆಯಬಾರದು. ಓಟ, ತೊಡೆ ಮತ್ತು ಸೊಂಟದ ಬಲವರ್ಧನೆ, ಒಂಟಿಕಾಲಿನ ಸಮತೋಲ, ಮೊಣಕಾಲು ಒಳಕ್ಕೆ ವಾಲದಂತೆ ನೆಲಕ್ಕಿಳಿಯುವ ನೆಗೆತ ಇವುಗಳನ್ನೊಳಗೊಂಡ 20 ನಿಮಿಷಗಳ ಪೂರ್ವಸಿದ್ಧತೆಯೊಂದನ್ನು ‘ಫಿಫಾ 11 ಪ್ಲಸ್’ ಎಂಬ ಹೆಸರಿನಲ್ಲಿ ರೂಪಿಸಲಾಗಿದೆ. ನಾರ್ವೆಯ ಕಿರಿಯ ಆಟಗಾರ್ತಿಯರ ಮೇಲೆ ಇದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಾಯಗಳು ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿದುವು. ಖರ್ಚಿಲ್ಲದ ಈ ಉಪಾಯವನ್ನು ಬಿಟ್ಟು ದುಬಾರಿ ಬೂಟುಗಳನ್ನು ಕೊಡಿಸುವುದರಲ್ಲಿ ಅರ್ಥವಿಲ್ಲ.

ಮಳೆಗಾಲದ ಕೆಸರಿನಲ್ಲಿ ಜಾರಿಬಿದ್ದು ಚೆಂಡನ್ನು ಕಸಿಯುವುದರಲ್ಲಿ ಇನ್ನೊಂದು ಗಂಡಾಂತರವಿದೆ. ತರಚಿದ ಚರ್ಮದ ಮೂಲಕ ಇಲಿಜ್ವರದ ರೋಗಾಣು ದೇಹವನ್ನು ಪ್ರವೇಶಿಸುತ್ತದೆ. 2005ರ ಜುಲೈ 26ರ ಮಹಾಪೂರದ ನಂತರ ಮುಂಬಯಿಯಲ್ಲಿ ಈ ರೋಗವು ಹರಡಿದುದು ಅನೇಕರಿಗೆ ನೆನಪಿರಬಹುದು. ನೀರು ನಿಂತ ಮೈದಾನದಲ್ಲಿ ಆಡಿದ ಮಗುವಿಗೆ ಒಂದೆರಡು ವಾರಗಳಲ್ಲಿ ಜ್ವರ, ಮೀನಖಂಡದ ತೀವ್ರ ನೋವು, ಕೆಂಗಣ್ಣು ಕಾಣಿಸಿಕೊಂಡರೆ ಕಷಾಯದಲ್ಲಿ ಕಾಲಹರಣ ಮಾಡದೆ ವೈದ್ಯರ ಬಳಿಗೆ ಹೋಗಿ, ಆಟದ ವಿಷಯವನ್ನೂ ತಿಳಿಸಬೇಕು.

ಆಡುವಾಗ ಮೊಣಕಾಲಿನಲ್ಲಿ ‘ಟಪ್’ ಎಂಬ ಸದ್ದು ಕೇಳಿಸಿ, ಕೆಲವೇ ಗಂಟೆಗಳಲ್ಲಿ ಬಾವು ಬಂದರೆ ಎಣ್ಣೆ ತಿಕ್ಕಿ ನೀವುವುದು ಸಲ್ಲದು. ಐಸ್ ಇಟ್ಟು, ಕಾಲನ್ನು ಎತ್ತರದಲ್ಲಿರಿಸಿ, ಮೂಳೆತಜ್ಞರಿಗೆ ತೋರಿಸಬೇಕು. ಅಸ್ಥಿರಜ್ಜುವಿನ ಶಸ್ತ್ರಚಿಕಿತ್ಸೆಯಾದವರು ಮೈದಾನಕ್ಕೆ ಮರಳಲು ಕನಿಷ್ಠ ಒಂಬತ್ತು ತಿಂಗಳು ಕಾಯುವುದು ಒಳಿತೆಂದು ತಜ್ಞರ ಅಭಿಪ್ರಾಯ. ನೋವು ನಿಂತಿತೆಂದು ಐದಾರು ತಿಂಗಳಲ್ಲೇ ಆಟಕ್ಕಿಳಿದವರಲ್ಲಿ ಮತ್ತೆ ಗಾಯವಾಗುವ ಸಂಭವ ಹೆಚ್ಚು.