ಠಾಣೆಯಲ್ಲಿ ಹಿಂಸೆಗೊಳಗಾದವರಿಗೊಂದು ಕಿವಿಮಾತು

ಪೊಲೀಸರ ವಶದಲ್ಲಿರುವ ವ್ಯಕ್ತಿಗೆ ತಪ್ಪೊಪ್ಪಿಗೆಗಾಗಿಯೋ ಶಿಕ್ಷೆಯೆಂದೋ ಬೇಕೆಂದೇ ಕೊಡುವ ದೈಹಿಕ ಅಥವಾ ಮಾನಸಿಕ ನೋವು, ಅಂದರೆ ಕಸ್ಟಡಿ ಹಿಂಸೆ, ಸಂವಿಧಾನದ 21ನೇ ವಿಧಿ ಕಾಪಾಡುವ ಬದುಕಿನ ಹಕ್ಕಿನ ಉಲ್ಲಂಘನೆಯೆಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಸಾರಿದ್ದರೂ, ಆ ತೀರ್ಪು ನೊಂದವರ ಕೈಹಿಡಿಯಬೇಕಾದರೆ ಸಾಕ್ಷ್ಯ ಉಳಿದಿರಬೇಕು.

ಬಾಸುಂಡೆಗಳು ಬೇಗ ಮಾಸುತ್ತವೆ. ಆದ್ದರಿಂದ ಬಂಧನದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ, ಪೊಲೀಸರು ಪಕ್ಕದಲ್ಲೇ ನಿಂತಿದ್ದರೂ ಅಂಜದೆ ನಡೆದದ್ದನ್ನು ಹೇಳಿ, ವೈದ್ಯಕೀಯ ತಪಾಸಣೆ ಕೋರಿ, ಗಾಯಗಳ ಗುರುತನ್ನೂ ಅವು ಆಗಿರಬಹುದಾದ ಸಮಯವನ್ನೂ ವೈದ್ಯರು ದಾಖಲಿಸಿದ್ದಾರೆಯೇ ಎಂದು ನೋಡಿ, ವರದಿಯ ಪ್ರತಿ ಪಡೆಯುವುದು ಬಂಧಿತನ ಹಕ್ಕು. ಲಾಕಪ್ಪಿನ ಸಿಸಿಟಿವಿ ದೃಶ್ಯಗಳನ್ನು ಕನಿಷ್ಠ ಒಂದು ವರ್ಷ ಕಾಯ್ದಿರಿಸಬೇಕೆಂದು ಸುಪ್ರೀಂ ಕೋರ್ಟಿನ 2020ರ ತೀರ್ಪು ಹೇಳಿದೆಯಾದರೂ, ಅವನ್ನು ಉಳಿಸುವಂತೆ ಕುಟುಂಬದವರು ಕೂಡಲೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದೇ ಜಾಣತನ. ಮಾನವ ಹಕ್ಕುಗಳ ಆಯೋಗಕ್ಕೆ ದೂರು ಸಲ್ಲಿಸಲೂ ಒಂದು ವರ್ಷದ ಮಿತಿಯಿದೆ.

ಒಡಿಶಾದಲ್ಲಿ ಪೊಲೀಸ್ ವಶದಲ್ಲಿದ್ದ ಮಗನ ಶವ ರೈಲು ಹಳಿಯ ಮೇಲೆ ಸಿಕ್ಕಾಗ ತಾಯಿ ನೀಲಾಬತಿ ಬೆಹೆರಾ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ರಿಟ್ ಅರ್ಜಿಯಾಗಿ ಸ್ವೀಕರಿಸಿ, 1993ರಲ್ಲಿ ಸರ್ಕಾರದಿಂದ 1,50,000 ರೂಪಾಯಿ ಪರಿಹಾರ ಕೊಡಿಸಿತು. ಇಂಥ ಪರಿಹಾರ ಸರ್ಕಾರದ ಹೊಣೆಯೇ ಹೊರತು ದಾನವಲ್ಲ. ಅದನ್ನು ಪಡೆದವರು ತಪ್ಪಿತಸ್ಥ ಅಧಿಕಾರಿಯ ಮೇಲಿನ ಕ್ರಿಮಿನಲ್ ಮೊಕದ್ದಮೆಯನ್ನು ಕೈಬಿಡಬೇಕಾಗಿಲ್ಲ. ವಕೀಲರಿಗೆ ಹಣವಿಲ್ಲದ ಬಂಧಿತರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು.